ತೇಪೆ ಹಾಕಿದ ಹರಿಗೋಲು

ಹೊಳೆಯಾಚೆ ಒಂದು ಆಶ್ರಮ. ಅಲ್ಲಿಗೆ ಹೋಗಲು ಹರಿಗೋಲೊಂದೇ ದಾರಿ.

ನಲವತ್ತು ವರ್ಷ ಹುಟ್ಟು ಹಾಕಿದವರು ಗುರುಗಳೇ. ಈಗ ಅವರ ಭುಜ ಸೋತಿತ್ತು. "ಒಂದು ತಿಂಗಳು ನೀನು ಹಾಕು, ನೋಡುತ್ತೇನೆ. ಆಮೇಲೆ ಹುಟ್ಟು ಯಾರದೆಂದು ಹೇಳುತ್ತೇನೆ," ಎಂದು ಶಿಷ್ಯೆ ಹುಲಿಗೆಮ್ಮನಿಗೆ ಹೇಳಿದ್ದರು.

ಪರದೇಶದವರೂ ಬರುತ್ತಿದ್ದರು. ಅವರಿಗಾಗಿ ಹುಲಿಗೆಮ್ಮ ಇಂಗ್ಲಿಷ್ ಕಲಿತಳು. ಎಲ್ಲ ಬಂತು. ಎಲ್ಲಿ 'ಎ', ಎಲ್ಲಿ 'ದ' ಅನ್ನುವುದು ಮಾತ್ರ ಬರಲಿಲ್ಲ. ನಮ್ಮ ಮಾತಿನಲ್ಲಿ ಅವು ಇಲ್ಲವೇ ಇಲ್ಲ.

ಒಂದು ದಿನ ಅವಳು ಕರೆತಂದವರೆಲ್ಲ ನೆನೆದು ತೊಪ್ಪೆಯಾಗಿದ್ದರು.

"ಏನಾಯಿತವ್ವ?" ಗುರುಗಳು ಕೇಳಿದರು.

"ನಡುಹೊಳೆಯ ಕೋಣನ ಬಂಡೆಗೆ ಹರಿಗೋಲು ಬಡಿಯಿತು, ಅಜ್ಜಾರೇ."

"ಅದನ್ನು ಕಣ್ಣು ಮುಚ್ಚಿಯೂ ದಾಟಿಸುತ್ತಿದ್ದೆಯಲ್ಲ!"

"ಬಂಡೆ ಇದೆ, ಅಲುಗಾಡಬೇಡಿ ಅಂತ ಹೇಳಬೇಕಿತ್ತು. ನಾನು ಚಿಕ್ಕಂದಿನಿಂದ ಕಂಡ ಬಂಡೆ, 'ದ' ಅನ್ನಬೇಕು. ಅವರು ಕಂಡೇ ಇಲ್ಲ, 'ಎ' ಅನ್ನಬೇಕು. ಯಾವುದು ಅಂತ ಯೋಚಿಸುತ್ತ ಹುಟ್ಟು ಎತ್ತಿ ಹಿಡಿದುಬಿಟ್ಟೆ."

"ಅಷ್ಟರಲ್ಲಿ ಬಂಡೆ ಏನಂದಿತು?"

"ಢಬ್ ಅಂದಿತು."

ಗುರುಗಳು ನಕ್ಕರು. ಹುಲಿಗೆಮ್ಮ ನಗಲಿಲ್ಲ.

"ಹುಟ್ಟು ಬೇರೆಯವರಿಗೆ ಕೊಡಿ. ತಪ್ಪು ತಪ್ಪು ಮಾತಾಡಿ ಆಶ್ರಮದ ಮರ್ಯಾದೆ ಕಳೆಯಲಾರೆ."

ಗುರುಗಳು ಹರಿಗೋಲನ್ನು ದಡಕ್ಕೆ ಎಳೆಸಿ ಬೋರಲು ಹಾಕಿಸಿದರು. ತಳದ ತುಂಬ ಡಾಂಬರಿನ ತೇಪೆಗಳು.

"ಯಾರು ಹಾಕಿದ್ದು ಇವೆಲ್ಲ?" ಹುಲಿಗೆಮ್ಮ ಕೇಳಿದಳು.

"ನಾನೇ! ಮೊದಲ ವರ್ಷದವೇ ಹದಿನೇಳು." ಹೇಳುವಾಗ ಮುದುಕರ ಎದೆ ಉಬ್ಬಿತ್ತು. "ಕೊಟ್ಟಿಗೆಯಲ್ಲಿ ನೇತುಹಾಕಿದ ಹೊಸ ಹರಿಗೋಲಿಗೆ ಎಷ್ಟಿವೆ?"

"ಒಂದೂ ಇಲ್ಲ. ಅದಿನ್ನೂ ನೀರಿಗೇ ಇಳಿದಿಲ್ಲ," ಎಂದಳು. ಎಂದವಳು ಹಳೆಯ ತೇಪೆಗಳ ಮೇಲೆ ಕೈಯಾಡಿಸಿದಳು.

ಗುರುಗಳು ಡಾಂಬರಿನ ಡಬ್ಬಿ ಅವಳ ಮುಂದಿಟ್ಟರು. ಇವತ್ತಿನ ತೂತಿಗೆ ಅವಳೇ ತೇಪೆ ಹಾಕಿದಳು.

ಮರುದಿನ ಮತ್ತೆ ಪರದೇಶದವರು. ಮುಂದೆ ಕೂತವರು ಬಿಳಿ ಕೂದಲಿನ ಒಬ್ಬ ಅಜ್ಜಿ.

ಕೋಣನ ಬಂಡೆ ಬಂತು.

"ರಾಕ್! ದ ಬಿಗ್ ರಾಕ್! ಸಿಟ್, ಸಿಟ್!" ಹುಲಿಗೆಮ್ಮ ಕೂಗಿದಳು. ಹುಟ್ಟು ನಿಲ್ಲಲಿಲ್ಲ. ಬಂಡೆ ಪಕ್ಕದಲ್ಲೇ ಸರಿದುಹೋಯಿತು.

"ಎ ಬಿಗ್ ರಾಕ್," ಅಜ್ಜಿ ನಗುತ್ತ ತಿದ್ದಿದರು.

"ಎ ಬಿಗ್ ರಾಕ್!" ಹುಲಿಗೆಮ್ಮ ಹುಟ್ಟು ಹಾಕುತ್ತಲೇ ಅಂದಳು. ಆಮೇಲೆ ನೀರುಕಾಗೆ ತೋರಿಸಿದಳು, ಸುಳಿ ತೋರಿಸಿದಳು, ದಡ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ.

ಗುರುಗಳು ದಡದಲ್ಲಿ ಕಾಯುತ್ತಿದ್ದರು.

"ಒಬ್ಬರ ಬಟ್ಟೆಯೂ ನೆನೆದಿಲ್ಲ, ಅಜ್ಜಾರೇ!"

"ಮಾತು?"

"ಐದು ಕಡೆ ತಿದ್ದಿದರು." ಈ ಸಲ ಅವಳು ತಲೆ ತಗ್ಗಿಸಲಿಲ್ಲ.

ಗುರುಗಳು ಡಾಂಬರಿನಲ್ಲಿ ಬೆರಳದ್ದಿ ಹುಟ್ಟಿನ ಹಿಡಿಯ ಮೇಲೆ ಐದು ಬೊಟ್ಟು ಇಟ್ಟರು. ಅದನ್ನು ಅವಳ ಕೈಗೆ ಕೊಟ್ಟು ಹತ್ತಿರ ಕೂತರು.

"ಇದು ಇನ್ನು ನಿನ್ನದವ್ವ. ಆ ಬಂಡೆಗೆ ಏನಂದೆ? ನನಗೂ ಹೇಳಿಕೊಡು."