ಪಗಡೆಮನೆಯಲ್ಲಿ ಸೋತವರೇ ಇಲ್ಲ

“ತುಂಬಿದ ಸಭೆಯಲ್ಲಿ ನಾಯಕರ ಬಾಯಿಗೆ ಬೀಗ ಹಾಕಿದವನು ಈ ಸೀಮೆಗೇ ಒಬ್ಬ. ಅವನು ನಮ್ಮ ಮುತ್ತಜ್ಜ ಬುಳ್ಳಪ್ಪ,” ಎಂದರು ದ್ಯಾವಜ್ಜ, ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು. ರಸ್ತೆಯಾಚೆ ಹೊಸ ಇಸ್ಪೀಟ್ ಕ್ಲಬ್ಬಿನ ಬೋರ್ಡು ಮೇಲೇರುತ್ತಿತ್ತು. ಬುಳ್ಳಪ್ಪನನ್ನು ಕಂಡವರು ಯಾರೂ ಈಗ ಬದುಕಿಲ್ಲ. ಹಾಗಾಗಿ ಅಂಗಡಿಯ ರಾಚಯ್ಯ ಪಂಚರ್ ಹಾಕುತ್ತಲೇ ಹೂಂಗುಟ್ಟಿದ. ಮಜ್ಜಿಗೆ ಮಾರುವ ನಾಗವ್ವ ಗಡಿಗೆ ಇಳಿಸಿ ಕೂತಳು.

ಕಂಚಿಹಾಳದ ಮಲ್ಲರಸ ನಾಯಕರ ಕಿವಿಯಲ್ಲಿ ಭಾವಮೈದ ಓಬಳನಾಯಕ ಒಂದು ಉಪಾಯ ಊದಿದ: ಊರ ನಡುವೆ ಪಗಡೆಮನೆ ಕಟ್ಟೋಣ, ಬಂದದ್ದರಲ್ಲಿ ಅರ್ಧ ಅರಮನೆಗೆ. ನಾಯಕರು ತಲೆಯಾಡಿಸಿದರು. ವರ್ಷ ತುಂಬುವುದರೊಳಗೆ ಗಾಣ ನಿಂತಿತು, ನೇಕಾರರ ಕೇರಿಯಲ್ಲಿ ಮಗ್ಗದ ಸದ್ದಡಗಿತು, ಪರವೂರಿನ ವ್ಯಾಪಾರಿಗಳು ಸಂತೆಗೆ ಬರುವುದನ್ನೇ ಬಿಟ್ಟರು. ಹೊಸದಾಗಿ ಚಿಗುರಿದ್ದು ಗಿರವಿ ಅಂಗಡಿ ಮತ್ತು ಹೆಂಡದಂಗಡಿ.

ಆಸ್ಥಾನದಲ್ಲಿ ಮಾತ್ರ ಹೊಗಳಿಕೆಯ ಹೊಳೆ.

“ಪ್ರಭು, ಊರ ಹುಡುಗರಿಗೆಲ್ಲ ಕೆಲಸ ಸಿಕ್ಕಿದೆ,” ಎಂದ ಓಬಳನಾಯಕ.

“ಸಿಕ್ಕಿದೆ, ಸಿಕ್ಕಿದೆ,” ಎಂದ ಆಸ್ಥಾನದ ವಿದೂಷಕ ಬುಳ್ಳಪ್ಪ. “ಪೀತಾಂಬರ ನೇಯುತ್ತಿದ್ದವನ ಮಗ ಈಗ ಪೀಕದಾನಿ ಹಿಡಿಯುತ್ತಾನೆ. ಏಳಿಗೆ ಅಂದರೆ ಇದು.”

ಓಬಳನಾಯಕ ಕೇಳದವನಂತೆ ಮುಂದುವರಿಸಿದ. “ಇರುವ ಪಗಡೆಮನೆಯಲ್ಲಿ ಜನ ಹಿಡಿಯುತ್ತಿಲ್ಲ ಪ್ರಭು. ಸಂತೆಮಾಳ ಹೇಗೂ ಖಾಲಿ ಬಿದ್ದಿದೆ. ಅಲ್ಲೊಂದು ಎರಡನೆಯ ಪಗಡೆಮನೆ ಕಟ್ಟೋಣ.”

“ಸಂತೆ ಹೋದರೆ ಊರೇ ಹೋಯಿತು. ಒಂದು ಪಗಡೆಮನೆ ಊರನ್ನು ತಿಂದದ್ದು ಸಾಲದೇ?” ಎಂದ ಬುಳ್ಳಪ್ಪ.

ನಾಯಕರಿಗೆ ಮೂಗಿನ ತುದಿಯಲ್ಲೇ ಕೋಪ. “ತಿಂದಿದ್ದರೆ ಯಾರಾದರೂ ಅಳಬೇಕಲ್ಲ? ‘ನಾನು ಸೋತೆ’ ಅನ್ನುವ ಒಬ್ಬನನ್ನು ಮುಂದಿನ ಸಂತೆಗೆ ಹಿಡಿದು ತಾ. ತಂದರೆ ಮಾಳ ಉಳಿಯಿತು. ತರದಿದ್ದರೆ ಮಾಳ ಭಾವಮೈದನಿಗೆ, ನೀನು ಕತ್ತೆ ಹತ್ತಿ ಊರಾಚೆಗೆ.”

ಬುಳ್ಳಪ್ಪ ಗಾಣಿಗ ಸಿದ್ದಪ್ಪನ ಮನೆಗೆ ಹೋದ. “ಎತ್ತೆಲ್ಲಿ ಸಿದ್ದಪ್ಪ?”

“ಮಾರಿದೆ. ಸುತ್ತಿ ಸುತ್ತಿ ಪಾಪ ಅದಕ್ಕೆ ತಲೆ ತಿರುಗುತ್ತಿತ್ತು.”

“ಪಗಡೆಯಲ್ಲಿ ಸೋತೆಯಾ?”

“ನಾನಾ? ಮೊನ್ನೆ ತಾನೇ ಗೆದ್ದೆ.”

ನೇಕಾರ ಮುದ್ದಣ್ಣ ಮಾಘದ ಚಳಿಯಲ್ಲಿ ಬರಿತಲೆಯಲ್ಲಿ ಕೂತು ಗಡಗಡ ನಡುಗುತ್ತಿದ್ದ. ಪೇಟ ಎಲ್ಲಿ ಎಂದರೆ, “ಸೆಕೆ ಮಾರಾಯ,” ಎಂದ. ಅವನ ಹೆಂಡತಿ ಬುಳ್ಳಪ್ಪನನ್ನು ಹಿತ್ತಲಿಗೆ ಕರೆದಳು. “ಅಣ್ಣಾ, ಇವರು ಸೋತರು ಅಂತ ಸುದ್ದಿಯಾದರೆ ನನ್ನ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ದಯವಿಟ್ಟು ಕೇಳಬೇಡ.”

“ಜೂಜುಕೋರನ ಬಾಯಿಂದ ಸೋತೆ ಅನ್ನೋ ಮಾತು ಬರೋದೂ ಒಂದೇ, ಗುಡ್ಡದ ಬಂಡೆ ಮೊಟ್ಟೆ ಇಡೋದೂ ಒಂದೇ,” ಎಂದು ದ್ಯಾವಜ್ಜ ಕ್ಲಬ್ಬಿನ ಕಡೆಗೆ ತಿರುಗಿ ಉಗಿದು, ಕತೆ ಮುಂದುವರಿಸಿದರು.

ಸಂತೆಯ ದಿನ ಮಾಳದಲ್ಲಿ ಊರೆಲ್ಲ ಸೇರಿತು. ನಾಯಕರು ಪೀಠದಲ್ಲಿ ಕೂತಿದ್ದರು. ಪಕ್ಕದಲ್ಲಿ ಕತ್ತೆ ಸಿದ್ಧವಾಗಿತ್ತು. ಬುಳ್ಳಪ್ಪ ಬರಿಗೈಯಲ್ಲಿ ಬಂದ.

“ಸೋತವನು ಒಬ್ಬನೂ ಸಿಗಲಿಲ್ಲ ಪ್ರಭು. ಊರಿಗೆ ಊರೇ ಗೆದ್ದಿದೆ. ಕತ್ತೆ ಹತ್ತುವ ಮುಂಚೆ ಅರಮನೆಗೆ ಲಾಭದ ಮಾತೊಂದು ಹೇಳಲೇ?”

ಲಾಭ ಅಂದೊಡನೆ ನಾಯಕರು ಮುಂದಕ್ಕೆ ಬಾಗಿದರು.

“ಬೆಳೆ ತೆಗೆದವನು ಕಂದಾಯ ಕೊಡುತ್ತಾನೆ. ಪಗಡೆಯಲ್ಲಿ ಗೆದ್ದವನಿಗೆ ಯಾಕೆ ಬಿಟ್ಟಿ? ಗೆದ್ದವರೆಲ್ಲ ತಮ್ಮ ಸ್ವತ್ತಿನ ಕಾಲುಭಾಗ ಕೊಡಲಿ. ಸೋತವರಿಗೆ ಮಾಫಿ.”

“ಭೇಷ್,” ಎಂದರು ನಾಯಕರು.

ಬುಳ್ಳಪ್ಪ ಬಾವಿಯ ಹಗ್ಗ ತರಿಸಿ ಮಾಳಕ್ಕೆ ಅಡ್ಡ ಎಳೆದ. “ಪೀಠದ ಕಡೆ ಗೆದ್ದವರು, ಕೆರೆಯ ಕಡೆ ಸೋತವರು. ಆಮೇಲೆ ನೆಂಟ, ಇಷ್ಟ ಅಂತ ಯಾರನ್ನೂ ಬಿಡಬಾರದು ಪ್ರಭು.”

“ಪೀಠದ ಕಡೆ ಉಳಿದವರು ಯಾರೇ ಆಗಲಿ ಕೊಡಲೇಬೇಕು. ಇದು ನನ್ನ ಮಾತು,” ಎಂದರು ನಾಯಕರು.

ಡಂಗುರ ಸಾರಿದರು. ಮೀಸೆ ತಿರುವುತ್ತ ಪೀಠದ ಸುತ್ತ ನಿಂತಿದ್ದ ಜನ ತಣ್ಣಗಾದರು. ಮುದ್ದಣ್ಣ ಒಮ್ಮೆ ಸೀನಿ, ಹಗ್ಗದಡಿ ತೂರಿದ.

“ಎಲ್ಲಿಗೋ?” ಎಂದ ಸಿದ್ದಪ್ಪ.

“ಪೇಟ ಆಚೆ ಬಿದ್ದಿರಬೇಕು, ನೋಡಿ ಬರುತ್ತೇನೆ.”

“ನಿಲ್ಲು, ನನ್ನ ಎತ್ತೂ ಅಲ್ಲೇ ಇರಬಹುದು,” ಎಂದು ಸಿದ್ದಪ್ಪನೂ ನುಗ್ಗಿದ. ಆಮೇಲೆ ಬೇಲಿ ಕಿತ್ತ ಕುರಿಹಿಂಡು. ನಿನ್ನೆಯವರೆಗೂ ಗೆಲುವು ಕೊಚ್ಚಿಕೊಂಡವರು ಈಗ ಸೋಲಿಗೆ ಪೈಪೋಟಿಗೆ ಬಿದ್ದರು.

“ನನ್ನ ಮಗ್ಗ ಹೋಯಿತು.”

“ಬರೀ ಮಗ್ಗವಾ? ನನ್ನ ಗಾಣದ ಒನಕೆಯೂ ಹೋಯಿತು ಕಣೋ.”

ಊರೆಲ್ಲ ಸೋತ ಮೇಲೆ ನಾಚಿಕೆ ಯಾರಿಗೆ? ಕೊನೆಗೆ ಓಬಳನಾಯಕನೂ ಪಂಚೆ ಎತ್ತಿಕಟ್ಟಿ ಹಗ್ಗ ಹಾರಿದ. “ದೀಪಕ್ಕೆ ಎಣ್ಣೆ, ಆಳಿಗೆ ಕೂಲಿ… ನಡೆಸೋರಿಗೂ ನಷ್ಟವೇ ಪ್ರಭು.”

ನಾಯಕರು ಬೆಪ್ಪಾದರು. “ಆಡಿದವರೂ ಸೋತರು, ಆಡಿಸಿದವನೂ ಸೋತ. ಹಾಗಾದರೆ ಗೆದ್ದವನು ಯಾರಯ್ಯ?”

ಬುಳ್ಳಪ್ಪ ಕೈಮುಗಿದ. “ನನ್ನ ಬಾಯಿಂದ ಬರಬಾರದು ಪ್ರಭು. ಆದರೆ ಪೀಠದ ಕಡೆ ಉಳಿದವರು ತಾವೊಬ್ಬರೇ.”

ನಾಯಕರು ಹಗ್ಗ ನೋಡಿದರು, ಪೀಠ ನೋಡಿಕೊಂಡರು, ಆಮೇಲೆ ನಕ್ಕರು. ನಗದೆ ಬೇರೆ ದಾರಿಯೂ ಇರಲಿಲ್ಲ. ತನ್ನ ಕಂದಾಯ ತನಗೇ ಕೊಟ್ಟುಕೊಳ್ಳುವಂತಿಲ್ಲವಲ್ಲ; ಆಡಿದ ಮಾತಿಗೆ ಬೊಕ್ಕಸದ ಕಾಲುಭಾಗ ಸೋತವರ ಎತ್ತಿಗೆ, ಮಗ್ಗಕ್ಕೆ ಹೋಯಿತು. ಪಗಡೆಮನೆಗೆ ಬೀಗ ಬಿತ್ತು, ಮಾಳ ಸಂತೆಗೇ ಉಳಿಯಿತು. ತಂದ ಕತ್ತೆ ದಂಡವಾಗಬಾರದೆಂದು ಭಾವಮೈದನನ್ನು ಹತ್ತಿಸಿದರು.

“ಅಂಥ ಜಾಣ ನಮ್ಮ ಮುತ್ತಜ್ಜ,” ಎಂದರು ದ್ಯಾವಜ್ಜ.

ನಾಗವ್ವ ಗಡಿಗೆ ತಲೆಗೇರಿಸುತ್ತ ಕೇಳಿದಳು. “ಊರೆಲ್ಲ ಆ ಕಡೆ, ನಾಯಕರೊಬ್ಬರೇ ಈ ಕಡೆ ಅಂದ್ರಿ. ನಿಮ್ಮ ಮುತ್ತಜ್ಜ ಎಲ್ಲಿದ್ದ?”

“ಅವನು… ಹಗ್ಗ ಹಿಡಿದಿದ್ದ.”

“ಹಿಡಿದೋನೂ ಒಂದು ಕಡೆ ನಿಲ್ಲಬೇಕಲ್ಲಜ್ಜ. ಈ ಕಡೆ ಇದ್ದಿದ್ರೆ ನಾಯಕರೊಬ್ಬರೇ ಅನ್ನೋದು ಸುಳ್ಳು. ಆ ಕಡೆ ಇದ್ದಿದ್ರೆ ಅವನೂ ಆಡಿ ಕಳಕೊಂಡಿದ್ದ.”

ರಾಚಯ್ಯ ಪಂಪು ಹೊಡೆಯುವುದನ್ನು ನಿಲ್ಲಿಸಿದ. ದ್ಯಾವಜ್ಜ ಭುಜ ಹಾರಿಸಿದರು.

“ಊರಿಗೆ ಊರೇ ಪಗಡೆಮನೆಗೆ ಹೋಗುವಾಗ ಒಬ್ಬನೇ ಮನೇಲಿ ಕೂತಿರೋಕಾಗುತ್ತಾ ತಾಯಿ?”