‘ಸರೋವರದ ವಧು’ವನ್ನು ಹೆತ್ತವರು

“ಕೇಳಿರಿ, ಲಿಂಡೆನ್‌ಮಾರ್ಕಿನ ಪ್ರಜೆಗಳೇ. ದೊರೆ ಓಟ್‌ಮಾರ್ ರಚಿಸಿದ ಜರ್ಮನ್ ಹಾಡುನಾಟಕ ‘ಸರೋವರದ ವಧು’ವಿನ ಮೇಲೆ ರಾಜಕುಮಾರಿ ಅಡೆಲ್‌ಹೈಡ್ ಮೂರು ಒಗಟು ಕೇಳುವರು. ಬಿಡಿಸಿದವನಿಗೆ ಅವರೊಡನೆ ಮದುವೆ, ರಾಜ್ಯದ ಪಟ್ಟ. ತಪ್ಪಿದವನ ತಲೆ ಕೋಟೆಬಾಗಿಲಿಗೆ.”

ಡಂಗುರದಲ್ಲಿ ತಲೆಯ ಮಾತು ಸೇರಿಸಿದವನು ದೊರೆ. ಮಗಳು ಆ ನಾಟಕವನ್ನು ಕೆದಕುವುದು ಅವನಿಗೆ ಬೇಕಿರಲಿಲ್ಲ. ಹೆದರಿ ಯಾರೂ ಬರಲಾರರು ಎಂದುಕೊಂಡಿದ್ದ. ಆದರೂ ಒಬ್ಬ ಸರದಾರ ಬಂದ.

“ನಾಟಕ ದೇಶ ದೇಶಕ್ಕೆ ಹೋದಂತೆ ವಧುವಿನ ಹೆಸರು, ಉಡುಪು, ಮಾತು ಬದಲಾದವು. ಆದರೂ ಕಣ್ಣು ಮುಚ್ಚಿ ಕೂತವರೂ ಅವಳ ಗುರುತು ಹಿಡಿದರು. ಹೇಗೆ?” ಎಂದಳು ಅಡೆಲ್‌ಹೈಡ್.

“ಚೆಲುವಿನಿಂದ,” ಎಂದ ಸರದಾರ. ಅವನನ್ನು ಎಳೆದೊಯ್ದರು.

ಮರುದಿನ ವಾದ್ಯವೃಂದದ ಮುದಿ ನಾಯಕ ಮೊದಲನೆಯದನ್ನು ಬಿಡಿಸಿ ಎರಡನೆಯದರಲ್ಲಿ ತಪ್ಪಿದ. ಕೋಟೆಬಾಗಿಲಿಗೆ ಕಾಗೆಗಳು ಬಂದವು.

ಮೂರನೆಯ ದಿನ ಬಂದವನು ಫೈಟ್, ನಾಟಕಶಾಲೆಯಲ್ಲಿ ಹಾಡುಗಳ ಪ್ರತಿ ತೆಗೆಯುವ ಬಡವ.

“ನಿನಗೇಕಯ್ಯಾ ಸಾಯುವ ಹಟ?” ಎಂದ ದೊರೆ.

“ನಿನ್ನೆ ಸತ್ತವರು ನನಗೆ ಸ್ವರ ಬರೆಯಲು ಕಲಿಸಿದ ಗುರುಗಳು, ಪ್ರಭು. ಉತ್ತರ ಗೊತ್ತಿದ್ದೂ ಹೆದರಿ ಸುಮ್ಮನಿದ್ದೆ.”

ಮೊದಲ ಒಗಟಿಗೆ “ರಾಗದಿಂದ” ಎಂದ. “ಮಾತು ಬದಲಿಸಿದವರು ಯಾರೂ ರಾಗ ಮುಟ್ಟಲಿಲ್ಲ.”

“ಇಲ್ಲಿ ವಧು ಸರೋವರದಲ್ಲಿ ಮುಳುಗಿ ಸಾಯುತ್ತಾಳೆ. ಪ್ಯಾರಿಸ್ಸಿನಲ್ಲಿ ಅದೇ ದಡದಲ್ಲಿ ಮದುವೆಯಾಗುತ್ತಾಳೆ. ಉಳಿಸಿದವರು ನೀರಿಗಿಳಿಯಲಿಲ್ಲ. ಯಾರವರು?” ಎಂದಳು ಅಡೆಲ್‌ಹೈಡ್.

“ನಾಟಕ ನೋಡಲು ಬಂದವರು. ಅಳು ತಾಳದೆ ಎದ್ದುಹೋದರು. ಅದಕ್ಕೇ ಅಲ್ಲಿ ಕೊನೆಯ ಅಂಕ ತಿದ್ದಿದರು.”

ಮೂರನೆಯದನ್ನು ಕೇಳುವಾಗ ಅಡೆಲ್‌ಹೈಡ್ ತಂದೆಯತ್ತ ನೋಡಿದಳು. “ವಧುವನ್ನು ಸಾಕಿದವರ ಹೆಸರು ಎಲ್ಲ ದೇಶದ ಮುಖಪುಟದಲ್ಲೂ ಇದೆ. ಹೆತ್ತವರ ಹೆಸರು ಎಲ್ಲೂ ಇಲ್ಲ. ಹೆತ್ತವರಾರು?”

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು.

“ತೀರಿಹೋದ ರಾಣಿ ಹೆಡ್ವಿಗ್,” ಎಂದ ಫೈಟ್. “ಮೂಲಪ್ರತಿಯ ಅಂಚಿನಲ್ಲಿ ಹಾಡು ಬರೆದ ಕೈಯೇ ಬರೆದಿದೆ: ಅಡೆಲ್‌ಹೈಡಳಿಗೆ ಇಂದು ಮೊದಲ ಹಲ್ಲು ಬಂತು, ಹಾಲೂಡಿಸಿ ಬಂದು ಈ ಹಾಡು ಮುಗಿಸಬೇಕು. ಹಾಲೂಡಿಸಿದವರು ದೊರೆಗಳಲ್ಲವಲ್ಲ.”

ಸಭೆಯಲ್ಲಿದ್ದವರೆಲ್ಲ ದೊರೆಯತ್ತ ತಿರುಗಿದರು.

“ನಾಟಕ ರಂಗಕ್ಕೆ ಬರುವ ಮೊದಲೇ ಅಮ್ಮ ಆ ಹಾಡು ಗುನುಗುತ್ತಿದ್ದಳು,” ಎಂದಳು ಅಡೆಲ್‌ಹೈಡ್. “ಅದು ಬಂದ ವರ್ಷವೇ ಸತ್ತಳು. ಹೇಗೆ ಸತ್ತಳು, ಅಪ್ಪಾ?”

ದೊರೆ ಫೈಟನನ್ನು ಹಿಡಿಯುವಂತೆ ಕಾವಲಿನವರಿಗೆ ಸನ್ನೆ ಮಾಡಿದ. ಒಬ್ಬನೂ ಕದಲಲಿಲ್ಲ.

ಫೈಟನಿಗೆ ಮದುವೆಯೂ ಆಯಿತು, ಪಟ್ಟವೂ ಆಯಿತು. ಆ ಸಂಜೆ ಹೆಡ್ವಿಗಳ ಹೆಸರಿನಲ್ಲಿ ನಾಟಕ ಆಡಿದರು. ಹಳೆಯ ದೊರೆಯ ಕುರ್ಚಿ ಖಾಲಿಯಿತ್ತು. ಅವನೆಲ್ಲಿ ಎಂದು ಯಾರೂ ಕೇಳಲಿಲ್ಲ.