ಕೆಂಪು ರಹದಾರಿ

ದಿವಾನರು ರಾಜರ ಮೊಹರು ಹಾಕಿಸಿ ಹೊಸ ಕಾನೂನು ತಂದ್ರು. ದೊಡ್ಡೋರಿಗೆ ಕೆಂಪು ರಹದಾರಿ ಚೀಟಿ, ಎಲ್ಲಿಗಾದ್ರೂ ಹೋಗಬಹುದು. ಬಡವರಿಗೆ ಬಿಳಿ ರಹದಾರಿ, ಗಡಿ ದಾಟಿದ್ರೆ ತಲೆ ಹೋಗ್ತದೆ.

ಒಂದಿನ ದಿವಾನರ ಪಲ್ಲಕ್ಕಿ ಕಾಡಿನ ಗಡಿಗೆ ಬಂತು. ಕಾವಲುಗಾರ ಕತ್ತಿ ಹಿಡಿದು ನಿಂತಿದ್ದ. ಹೊತ್ತಿದ್ದ ನಾಲ್ವರು ಬೋಯಿಗಳೂ ಪಲ್ಲಕ್ಕಿ ಇಳಿಸಿಬಿಟ್ರು.

"ನಮ್ದು ಬಿಳಿ, ಬುದ್ಧಿ," ಅಂದ ಮುಂದಿನ ಬೋಯಿ. "ತಾವು ನಡ್ಕೊಂಡು ಹೋಗಿ. ಮೂರೇ ಹರಿದಾರಿ."

"ಹೊರ್ರೋ! ಚರ್ಮ ಸುಲಿಸ್ತೀನಿ!"

"ಚರ್ಮ ಹೋದ್ರೆ ಹೆಂಗೋ ಬದುಕ್ತೀವಿ ಬುದ್ಧಿ, ತಲೆ ಹೋದ್ರೆ ಕಷ್ಟ."

ಪೊದೆಯೊಳಗೆ ಹುಲಿ ಗುರ್ ಅಂತು. ದಿವಾನರು ಬೆವೆತುಹೋದ್ರು.

"ನಿಮ್ಮ ಚೀಟಿ ಕೆಂಪು ಮಾಡೋಕೆ ಈಗ ಬಣ್ಣ ಎಲ್ಲಿಂದ ತರೋದೋ?"

"ತಮ್ಮ ಬಾಯಲ್ಲೇ ಇದೆಯಲ್ಲ, ಬುದ್ಧಿ," ಅಂತ ಬೋಯಿ ನಾಲ್ಕೂ ರಹದಾರಿ ಮುಂದೆ ಹಿಡಿದ.

ದಿವಾನರು ಬಾಯಲ್ಲಿದ್ದ ಎಲೆಅಡಿಕೆ ಜಗಿದು ನಾಲ್ಕಕ್ಕೂ ಉಗಿದ್ರು. ಕಾವಲುಗಾರ ನೋಡಿ, "ಕೆಂಪೇ," ಅಂತ ದಾರಿ ಬಿಟ್ಟ.

ಮಾರನೇ ವಾರ ಊರಲ್ಲಿ ಎಲೆಅಡಿಕೆ ಹಾಕದ ಬಾಯೇ ಇರಲಿಲ್ಲ.